ಎಣ್ಣೆ ಅಂಗಡಿಯ ಪೈಲ್ವಾನ

ಕುಷ್ಟಗಿಯ ಸಂತೆಯಲ್ಲಿ ನಾನು ಎಣ್ಣೆ ಅಂಗಡಿಯ ಮುಂದೆ ತೊಡೆ ತಟ್ಟುತ್ತಿದ್ದಾಗ, ನಾನು ಯಾರ ನಕಲು ಮಾಡುತ್ತಿದ್ದೆನೋ ಆ ಮಲ್ಲಪ್ಪ ಪೈಲ್ವಾನರೇ ಕುಂಟುತ್ತ ಬಂದು ಎದುರಿಗೆ ನಿಂತರು.

ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ನಮ್ಮ ಕಡೆಯ ಎಣ್ಣೆ ವ್ಯಾಪಾರಿಗಳು ಪೈಲ್ವಾನರನ್ನು ಸಾಕುತ್ತಿದ್ದರು. ಕುಸ್ತಿ ಗೆದ್ದವನು ಸಂತೆಯ ದಿನ ಅದೇ ಅಂಗಡಿಯ ಎಣ್ಣೆ ತಿಕ್ಕಿಕೊಂಡು ಬಾಗಿಲಲ್ಲಿ ನಿಂತರೆ ಕೊಡಗಟ್ಟಲೆ ಎಣ್ಣೆ ಹೋಗುತ್ತಿತ್ತು. ಅಖಾಡದಲ್ಲಿ ಮಲ್ಲಪ್ಪನವರ ಮೊಣಕಾಲು ಮುರಿದ ವಾರವೇ ಅಂಗಡಿಯ ಸಾಹುಕಾರರು ಅವರನ್ನು ಕೆಲಸ ಬಿಡಿಸಿ, ಊರವರ ನಕಲು ಮಾಡಿ ನಗಿಸುತ್ತಿದ್ದ, ಬಿದಿರುಕೋಲಿನಂತಿದ್ದ ನನ್ನನ್ನು ಕರೆತಂದಿದ್ದರು. ಅವರ ತೊಡೆ ನೋಡಿ ಬೆರಗಾಗುತ್ತಿದ್ದ ಜನ ನನ್ನದನ್ನು ನೋಡಿ ನಗುತ್ತ ಎಣ್ಣೆ ಕೊಳ್ಳುತ್ತಿದ್ದರು.

ಪೈಲ್ವಾನರು ಬೈಯಲಿಲ್ಲ. “ತೊಡಿ ಇನ್ನಾ ಮ್ಯಾಲೆ ತಟ್ಟಬೇಕಪಾ,” ಎಂದರು. “ನನ್ನ ನೌಕರಿ ಹೋತು, ಗತ್ತಾದ್ರೂ ಉಳೀಲಿ.”

ಗಾದಿಯ ಮೇಲಿಂದ ಸಾಹುಕಾರರು ಕೂಗಿದರು: “ಏ ಮಲ್ಲಪ್ಪ, ಅತ್ತಾಗ ಸರದು ನಿಂದರು. ಆ ಕಾಲು ಕಂಡ್ರ ನಮ್ಮ ಎಣ್ಣಿ ಯಾರು ಒಯ್ತಾರ?”

ಪೈಲ್ವಾನರು ಕುಂಟುತ್ತ ಸರಿದು ಹೋದರು. ಅಂದು ಎಣ್ಣೆಯೆಲ್ಲ ಖಾಲಿಯಾಯಿತು. ಊರಿನ ಎಲ್ಲರ ನಡಿಗೆಯ ನಕಲೂ ನನಗೆ ಬರುತ್ತದೆ. ಅಂದಿನಿಂದ ಮಲ್ಲಪ್ಪನವರ ಗತ್ತಿನ ನಡಿಗೆ ಮಾಡಹೋದರೆ ಮಾತ್ರ ನಡುವೆಯೇ ನನ್ನ ಕಾಲು ಕುಂಟುತ್ತದೆ. ಜನ ಅದಕ್ಕೇ ಹೆಚ್ಚು ನಗುತ್ತಾರೆ.