ತೊಟ್ಟಿಲ ಕಾಲು ತಿರುಗಿಸಿದ ಮಷೀನು

ನೀವು ನಂಬಲಿಕ್ಕಿಲ್ಲ. ಬೇಕಾದರೆ ರಾವೂರಿಗೆ ಬಂದು ನೋಡ್ರಿ. ಕಂಪ್ಯೂಟರ್ ಹೇಳಿದಂತೆ ಕಟ್ಟಿಗೆ ಕೆತ್ತುವ ಸಿಎನ್‌ಸಿ ಮಷೀನು ನಮ್ಮ ದನದ ಕೊಟ್ಟಿಗೆಯಲ್ಲಿದೆ. ಮೂರು ದಿಕ್ಕಿಗಷ್ಟೇ ಓಡಾಡುತ್ತಿದ್ದ ಅದಕ್ಕೆ, ಕಟ್ಟಿಗೆಯನ್ನು ಹಿಡಿದು ತಿರುಗಿಸುವ ನಾಲ್ಕನೇ ಆಕ್ಸಿಸ್ ಕೂಡಿಸಿದವನು ನಾನೇ, ಯಾರನ್ನೂ ಕೇಳದೆ.

ಅದರ ಮೊದಲ ಕೆಲಸ ಮುಧೋಳದ ಒಬ್ಬ ಮುದುಕಿಯದು. ಮರುದಿನವೇ ಮೊಮ್ಮಗಳ ತೊಟ್ಟಿಲ ಕಾರ್ಯ. ಮನೆತನದ ತೊಟ್ಟಿಲಿನ ಒಂದು ಕಾಲನ್ನು ಗೆದ್ದಲು ತಿಂದಿತ್ತು. ಹೊಸ ಕಾಲಿಗೆ ಸುತ್ತಲೂ ಬಳ್ಳಿ ಕೆತ್ತಬೇಕು. ಆಕೆ ತಂದದ್ದು ಒಂದೇ ಸಾಗವಾನಿ ತುಂಡು.

"ಇದು ಕೆಟ್ಟರ ಕೂಸಿಗಿ ಮಂದಿ ತೊಟ್ಟಿಲದಾಗ ಹಾಕಬೇಕಾಗ್ತದ, ತಮ್ಮಾ," ಅಂದಳು.

"ನನ್ನ ಕೈಯಾಗ ಕೆಡಂಗಿಲ್ಲ ಬಿಡ್ರಿ, ಆಯಿ."

ತುಂಡನ್ನು ಮಷೀನಿಗೆ ಬಿಗಿದೆ. ಚಾಲೂ ಮಾಡುವ ಮೊದಲೇ ಆಕೆ ತುಂಡಿನ ಮೇಲೆ ಕುಂಕುಮದ ಬೊಟ್ಟಿಟ್ಟು ಮಷೀನಿಗೆ ಕೈಮುಗಿದಳು.

"ಅದಕ್ಯಾಕ, ನನಗ ಮುಗೀರಿ," ಅಂತ ನಕ್ಕೆ.

ಕೆತ್ತುವ ಬಿಟ್ ಇಳಿಸದೆ, ಪೂರ್ತಿ ಒಂದು ಸುತ್ತು ತಿರುಗು ಅಂತ ಬರೀ ಆಜ್ಞೆ ಕೊಟ್ಟೆ. ಮೇಲಿದ್ದ ಬೊಟ್ಟು ಕೆಳಗೆ ಹೋಗಿ ಅಲ್ಲೇ ನಿಂತಿತು.

"ನನ್ನ ಬೊಟ್ಟು ಎಲ್ಲಿ ಹೋಯ್ತೋ?"

ಒಂದು ಸುತ್ತಿಗೆ ಮೋಟರು ಎಷ್ಟು ಹೆಜ್ಜೆ ತಿರುಗಬೇಕೆಂಬ ಲೆಕ್ಕವನ್ನು ಅರ್ಧವೇ ತುಂಬಿದ್ದೆ. ಹಾಗೇ ಕೆತ್ತಿದ್ದರೆ ಬಳ್ಳಿಯೆಲ್ಲ ಒಂದು ಮಗ್ಗುಲಿಗೆ ಒತ್ತಿಕೊಂಡು, ಇನ್ನೊಂದು ಮಗ್ಗುಲು ಬೋಳಾಗುತ್ತಿತ್ತು. ಅಂಕಿ ದುಪ್ಪಟ್ಟು ಮಾಡಿದೆ. ಬೊಟ್ಟು ಸುತ್ತಿ ಮೇಲೆ ಬಂತು. ಸಂಜೆಗೆ ಬಳ್ಳಿ ಕಾಲನ್ನು ಬಳಸಿ, ಹೊರಟ ಜಾಗಕ್ಕೇ ಬಂದು ಕೂಡಿತು.

"ನಿನ್ನ ಮಷೀನು ಭಾಳ ಶಾಣ್ಯಾ ಅದ."

"ಶಾಣ್ಯಾ ಇರಾಂವ ನಾನು, ಆಯಿ."

"ಇರಲಿ ಬಿಡು, ನೀನೂ ಇರು."

ತೊಟ್ಟಿಲ ಕಾರ್ಯಕ್ಕೆ ಹೋದಾಗ ಆಕೆ ಮಷೀನಿಗೆ ಅಂತ ತೆಂಗಿನಕಾಯಿ, ರವಿಕೆ ಹೊಲಿಸುವ ಕುಬಸದ ಕಣ ಕಟ್ಟಿಕೊಟ್ಟಳು. ನನಗೆ ಒಂದು ಹಿಡಿ ಗುಗ್ಗರಿ ಕೊಟ್ಟಳು.