ಒಯ್ಯದೇ ಉಳಿದ ಗಡಿ ಗುರಪ್ಪನ ಫೋಟೋ

ಮುಂಡರಗಿಯಿಂದ ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದೆ. ಹುಬ್ಬಳ್ಳಿಗೆ ನೂರು ಕಿಲೋಮೀಟರಿನಷ್ಟು ದಾರಿ. ಪಕ್ಕದ ಹೆಂಗಸು ಆಧಾರ್ ತೋರಿಸಿ ಬಿಟ್ಟಿ ಟಿಕೆಟ್ ಪಡೆದಳು. ಗಂಡಾಗಿ ಹುಟ್ಟಿದ ತಪ್ಪಿಗೆ ನಾನು ನೂರರ ಮೇಲೆ ತೆತ್ತೆ. ಹೊರಡುವಾಗ ಅವ್ವ ಹೇಳಿದ್ದು ಇಷ್ಟೇ: "ಫೋಟೋದಾಗ ಖರೇನ ನಮ್ಮಪ್ಪ ಇದ್ರಷ್ಟ ತೊಗೊಂಡ ಬಾ. ಯಾರದೋ ಮುಖಾ ತಂದು ನನಗ ತೋರಸಬ್ಯಾಡ."

ಅವ್ವನ ಅಪ್ಪನೇ ಗಡಿ ಗುರಪ್ಪ. ನಿಜಾಮನ ಸೀಮೆಗೂ ನಮಗೂ ನಡುವೆ ಗಡಿ ಇದ್ದ ಕಾಲದಲ್ಲಿ ಜನರನ್ನೂ ಬಂದೂಕುಗಳನ್ನೂ ಆಚೀಚೆ ದಾಟಿಸುತ್ತಿದ್ದವನು. ಗುಂಡು ತಾಗಿ ಎಡಗಿವಿ ಅರ್ಧ ಹಾರಿಹೋಗಿತ್ತಂತೆ. ಒಮ್ಮೆ ಗಡಿ ದಾಟಿದವನು ತಿರುಗಿ ಬರಲೇ ಇಲ್ಲ. ಅವ್ವ ಆಗ ಹೊಟ್ಟೆಯಲ್ಲಿದ್ದಳು. ಇವತ್ತಲ್ಲ ನಾಳೆ ಬರುತ್ತಾನೆ ಎನ್ನುತ್ತ ಅಜ್ಜಿ ಸಾಯುವವರೆಗೂ ಕುಂಕುಮ ಹಚ್ಚಿಕೊಂಡಿದ್ದಳು. ಅವ್ವನಿಗೀಗ ಎಪ್ಪತ್ತೇಳು, ತಂದೆಯ ಮುಖ ಹೇಗಿತ್ತೆಂದು ಗೊತ್ತಿಲ್ಲ.

ಹೋದ ವಾರ ಹುಬ್ಬಳ್ಳಿಯ ಹಳೆಯ ಸ್ಟುಡಿಯೋದವರೊಬ್ಬರು, ಅಂಗಡಿ ಮುಚ್ಚುವ ಮುನ್ನ, ಗಿರಾಕಿಗಳು ಒಯ್ಯದೇ ಬಿಟ್ಟ ಫೋಟೋಗಳ ಹೆಸರುಗಳನ್ನು ವಾಟ್ಸಾಪಿನಲ್ಲಿ ಹರಿಬಿಟ್ಟಿದ್ದರು. ಅದರಲ್ಲಿ 'ಗುರಪ್ಪ, ಮುಂಡರಗಿ' ಎಂದಿತ್ತು.

ಓಣಿ ಓಣಿ ಸುತ್ತಿ ಸ್ಟುಡಿಯೋ ಮುಟ್ಟುವಷ್ಟರಲ್ಲಿ ಹನ್ನೊಂದಾಯಿತು. ಮಾರ್ಚಿನ ಬಿಸಿಲು ನೆತ್ತಿ ಸುಡುತ್ತಿತ್ತು. ಮಾಲೀಕ ವಿರೂಪಾಕ್ಷಪ್ಪ ಚಹಾ ತರಿಸಿ, ಅಂಗೈಯಗಲದ ಫೋಟೋ ಕೈಗಿಟ್ಟರು. ರುಮಾಲು, ಕೋಟು, ಹಣೆ ತುಂಬ ವಿಭೂತಿ. ನನಗೋ ಗೊಂದಲ. ಊರ ಮಂದಿ ಹೇಳುವ ಗುರಪ್ಪ ಹುಲಿಯಂಥವನು. ಇವನು ಕಂಬದಂತೆ ಸೆಟೆದು ಕುಳಿತಿದ್ದ. ಎರಡು ಕಣ್ಣು ಎರಡು ಕಡೆ ನೋಡುತ್ತಿದ್ದವು. ರುಮಾಲಿನ ನೆರಳಿನಲ್ಲಿ ಕಿವಿ ಕಾಣುತ್ತಿರಲಿಲ್ಲ.

"ಗುರಪ್ಪ ಅನ್ನೋರು ಆ ಕಾಲಕ್ಕ ಓಣಿಗೆ ನಾಕು ಮಂದಿ ಇದ್ರು," ಎಂದರು ವಿರೂಪಾಕ್ಷಪ್ಪ. "ನಾ ಹೌದಂತ ಹ್ಯಾಂಗ ಹೇಳಲ್ರಿ? ನವನಗರದಾಗ ಕುಲಕರ್ಣಿ ಕಾಕಾ ಅದಾರ. ಫೋಟೋ ತಿದ್ದೂದು ಅವರ ಕಸಬು. ತೋರಸ್ರಿ."

ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ತಿಂದು ನವನಗರಕ್ಕೆ ಹೋಗುವ ಎ.ಸಿ. ಚಿಗರಿ ಬಸ್ ಹತ್ತಿದೆ. ಬಸ್ಸಿನೊಳಗೆ ತಂಪಿತ್ತು, ತಲೆ ಮಾತ್ರ ಕಾದಿತ್ತು. ಮೂರು ಸಲ ಫೋಟೋ ತೆಗೆದು ನೋಡಿದೆ. ಮೂಗು ಥೇಟ್ ಅವ್ವನದೇ ಅನ್ನಿಸಿತು. ತಲೆಯೆತ್ತಿದರೆ ಎದುರು ಸೀಟಿನವನ ಮೂಗೂ ಹಾಗೇ ಇತ್ತು.

ಕುಲಕರ್ಣಿ ಕಾಕಾ ತೊಂಬತ್ತರ ಹತ್ತಿರದವರು. ಭೂತಗನ್ನಡಿ ಹಿಡಿದು ಫೋಟೋದ ಮೂಲೆ ಮೂಲೆ ನೋಡಿದರು. ಆಮೇಲೆ ರುಮಾಲಿನ ಅಂಚು ತೋರಿಸಿದರು. ನೆರಳಿನಲ್ಲಿ ತುಂಡು ಕಿವಿ! ಅಜ್ಜನೇ. ಅವ್ವನಿಗೆ ಫೋನ್ ಹಚ್ಚಲು ಮೊಬೈಲ್ ತೆಗೆದೆ.

"ತಡೀರಿ," ಎಂದರು ಕಾಕಾ. "ಕಣ್ಣು ಇವರವಲ್ಲ. ಮುಚ್ಚಿದ ರೆಪ್ಪಿ ಮ್ಯಾಲೆ ಕುಂಚದ್ಲೆ ಬರದದ್ದು. ನಮ್ಮಪ್ಪಾರೂ ಇಂಥಾವು ಭಾಳ ಬರದಾರ. ನಿಮ್ಮ ಲಿಂಗಾಯತ ಮಂದ್ಯಾಗ ಹೆಣಾ ಕುಂದರಿಸಿ ಮಣ್ಣು ಮಾಡತಾರಲ್ರಿ, ಹಂಗ ಕುಂದರಿಸಿದಾಗ ತಗದದ್ದಿದು. ಬೀಳಬಾರದಂತ ಬಾಜೂಕ ಯಾರೋ ಹಿಡದಾರ, ನೋಡ್ರಿ."

ಹಿಡಿದವರು ಕಾಣದಂತೆ ಫೋಟೋದ ಒಂದು ಬದಿ ಕತ್ತರಿಸಿದ್ದರು. ನಾನು ಕೋಟಿನ ಮಡಿಕೆ ಎಂದುಕೊಂಡದ್ದು ಹೆಂಗಸಿನ ಕೈ. ಬಳೆಗಳಿಗಿಂತ ಮೇಲೆ, ಮುಂಗೈಯಲ್ಲಿ, ಚೇಳಿನ ಹಚ್ಚೆಯೂ ಇತ್ತು.

ಗಡಿಯಾಚೆ ಕಾಣೆಯಾದವನು ಹುಬ್ಬಳ್ಳಿಯಲ್ಲಿ ಹೆಣವಾಗಿ ಕುಳಿತದ್ದು ಹೇಗೆ? ಅಜ್ಜಿಗೆ ಯಾರೂ ಏಕೆ ಹೇಳಲಿಲ್ಲ? ಮರಳುವ ಬಸ್ಸು ಗದಗ ದಾಟಿದರೂ ಒಗಟು ಬಗೆಹರಿಯಲಿಲ್ಲ. ಬಿಸಿತುಪ್ಪದಂಥ ಸಂಗತಿ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕೊನೆಗೆ ಹೆಣದ ಮಾತು ಎತ್ತಲೇಬಾರದೆಂದು ನಿರ್ಧರಿಸಿ, ಸಂಜೆ ಏಳಕ್ಕೆ ಮನೆ ಮುಟ್ಟಿದೆ.

"ನಮ್ಮಪ್ಪನ ಏನು?" ಎಂದಳು ಅವ್ವ.

"ಹೌದಬೇ, ಖರೇನ ಅವನ."

ಅವ್ವ ಚಾಳೀಸು ಏರಿಸಿ ದೀಪದ ಕೆಳಗೆ ಹಿಡಿದಳು. ಎಷ್ಟೋ ಹೊತ್ತು ಮುಖ ನೋಡಿದಳು. ಆಮೇಲೆ ಬದಿಯ ಕೈ ಮೇಲೆ ಬೆರಳಿಟ್ಟಳು.

"ಇದು ನಮ್ಮವ್ವನ ಕೈ. ಈ ಹಚ್ಚಿ ಚೇಳಿನ ಮ್ಯಾಲೆ ಕೈ ಇಟಗೊಂಡ ನಾ ಮಲಗತಿದ್ದೆ."

ಕೂರಿಸಿದ ಹೆಣಗಳನ್ನು ಅವ್ವ ನನಗಿಂತ ಹೆಚ್ಚು ಕಂಡವಳು.

"ಜೀವ ಇಲ್ಲ ಹೌದಲ್ಲೋ, ಅಪ್ಪಗ?"

ಹೌದೆಂದು ಗೋಣು ಹಾಕಿದೆ. ಅಳುತ್ತಾಳೆಂದು ಹೆದರಿದ್ದೆ, ಅಳಲಿಲ್ಲ.

"ನಾ ಹೊಟ್ಯಾಗಿದ್ದಾಗ ಅವ್ವ ಒಮ್ಮಿ ಹುಬ್ಬಳ್ಳಿಗೆ ಹೋಗಿದ್ಲಂತ, ಸುದ್ದಿ ಕೇಳಾಕ," ಎಂದಳು. "ಅಪ್ಪ ಸತ್ತಾನಂತ ಅಕಿ ಊರಾಗ ಹೇಳಿದ್ರ, ಅಪ್ಪನ್ನ ತಿಂದು ಹುಟ್ಟಿದಾಕಿ ಅಂತಿದ್ರು ನನಗ. ಅದಕ್ಕ ಈ ಫೋಟೋನೂ ಒಯ್ಯದ ಬಿಟ್ಟಾಳ. ಈ ಎಪ್ಪತ್ತೇಳು ವರ್ಷದಾಗ ಒಬ್ಬರೂ ಹಂಗ ಅನ್ನಲಿಲ್ಲೋ ತಮ್ಮಾ. ಒಬ್ಬರೂ."