ಸಿದ್ದಕ್ಕನ ಹೆಬ್ಬೆಟ್ಟು

ಬೆಳಗಿನ ಆರೂಕಾಲು. ಬೆಳಗಾವಿಯ ಉದ್ಯಮಬಾಗದ ಹಳೆಯ ಫೌಂಡ್ರಿಯೊಂದರ ಹಿಂದಿನ ಶೆಡ್ಡಿನಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಸಿದ್ದಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಾರೆ. ಮುಂದಿನ ಮೇಜಿನ ಮೇಲೆ ಎರಡು ಹೋಳಾಗಿ ಬಿಚ್ಚಿಕೊಳ್ಳುವ ಕಬ್ಬಿಣದ ಅಚ್ಚು, ಪಕ್ಕದ ಬುಟ್ಟಿಯಲ್ಲಿ ಅಂಟು ಬೆರೆಸಿದ ಮರಳು. ಅಚ್ಚಿನೊಳಗೆ ಮುಷ್ಟಿ ಮುಷ್ಟಿ ಮರಳು ತುಂಬಿ, ಕೋಲಿನಿಂದ ಒತ್ತಿ, ಗ್ಯಾಸಿನ ನಳಿಗೆ ಹಿಡಿದು ಮನಸ್ಸಿನಲ್ಲೇ ಹನ್ನೆರಡು ಎಣಿಸುತ್ತಾರೆ. ಬಿಚ್ಚಿದರೆ ಒಳಗೆ ಕಲ್ಲಿನಷ್ಟು ಗಟ್ಟಿಯಾದ, ಬಾಗಿದ ಕೊಳವೆಯಾಕಾರದ ಮರಳಿನ ತುಂಡು. ಅದನ್ನು ಕೂಸನ್ನು ಎತ್ತಿಕೊಂಡಂತೆ ಎತ್ತಿ, ಬರಿಗೈ ಹೆಬ್ಬೆಟ್ಟಿನಿಂದ ಮೈಯೆಲ್ಲ ಸವರುತ್ತಾರೆ.

ಇದಕ್ಕೆ ಕೋರ್ ಎನ್ನುತ್ತಾರೆ. ಪಂಪಿನ ಹೊಟ್ಟೆಯೊಳಗೆ ನೀರು ಹರಿಯಲು ಟೊಳ್ಳು ಬೇಕಲ್ಲ, ಕಾದ ಕಬ್ಬಿಣ ಸುರಿಯುವಾಗ ಆ ಟೊಳ್ಳಿನ ಜಾಗ ಹಿಡಿದು ಕೂರುವುದು ಈ ಮರಳು. ಕಬ್ಬಿಣ ಆರಿದ ಮೇಲೆ ಕೋರನ್ನು ಬಡಿದು ಪುಡಿ ಮಾಡಿ ಹೊರಗೆ ಸುರಿಯುತ್ತಾರೆ. ಹಾಗಾಗಿ ಸಿದ್ದಕ್ಕ ಮಾಡಿದ ಯಾವ ವಸ್ತುವೂ ಇವತ್ತಿನವರೆಗೆ ಕಾರ್ಖಾನೆ ದಾಟಿ ಹೊಲ ಕಂಡಿಲ್ಲ. ಅವರು ಬಿಟ್ಟುಹೋದ ಟೊಳ್ಳು ಮಾತ್ರ ಊರೂರ ಹೊಲಗಳಲ್ಲಿ ನೀರೆತ್ತುತ್ತಿದೆ.

ಕೈಗವಸು ಯಾಕೆ ಹಾಕಿಕೊಳ್ಳುವುದಿಲ್ಲ ಎಂದು ಕೇಳಿದರೆ ನಗುತ್ತಾರೆ. "ಗವಸ ಹಾಕ್ಕೊಂಡ್ರ ಏನೂ ತಿಳಿಯಂಗಿಲ್ರಿ. ಕೂದಲೆಳಿಯಷ್ಟು ಗೀರ ಇದ್ರೂ ಬೆರಳಿಗೆ ಹತ್ತತದ. ಕಣ್ಣಿಗೆ ಕಾಣೂದು ಆಮ್ಯಾಲ."

ಸಿದ್ದಕ್ಕ ಬಾಳಪ್ಪ ಮುಗಳಿಹಾಳ ಅವರಿಗೆ ಐವತ್ತೊಂದು ವರ್ಷ. ಮನೆ ಖಾನಾಪುರದಲ್ಲಿ. ದಿನಾ ನಾಲ್ಕಕ್ಕೆ ಎದ್ದು, ಎರಡು ರೊಟ್ಟಿ ತಟ್ಟಿ, ಐದೂಕಾಲಿನ ಬಸ್ಸು ಹಿಡಿಯುತ್ತಾರೆ. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲವಾದ ದಿನದಿಂದ ಬಸ್ಸಿನಲ್ಲಿ ಕೂರಲು ಜಾಗವೂ ಇಲ್ಲ ಎಂಬುದು ಅವರ ಒಂದೇ ತಕರಾರು. ಗಂಡ ಬಾಳಪ್ಪ ಖಾನಾಪುರದಿಂದ ಹಂಚು ಸಾಗಿಸುವ ಟೆಂಪೋ ಓಡಿಸುತ್ತಿದ್ದರು. ಇಪ್ಪತ್ತೆರಡು ವರ್ಷಗಳ ಹಿಂದೆ, ಮಗಳು ನಿಖಿತಾ ಇನ್ನೂ ತೊಟ್ಟಿಲಲ್ಲಿದ್ದಾಗ, ಜ್ವರ ಬಂದು ಎಂಟು ದಿನಕ್ಕೆ ತೀರಿಕೊಂಡರು. ಹದಿಮೂರನೆಯ ದಿನ ಮುಗಿಸಿ ಸಿದ್ದಕ್ಕ ಈ ಶೆಡ್ಡಿಗೆ ಬಂದರು. ಅಂದಿನಿಂದ ದಿನಕ್ಕೆ ಎಪ್ಪತ್ತು ಕೋರು. ಹಬ್ಬದ ಮುಂಚೆ ಎಂಬತ್ತೈದು. ಒಂದೊಂದು ಸುಮಾರು ಎರಡು ಕಿಲೋ ತೂಗುತ್ತದೆ. ಲೆಕ್ಕ ಹಾಕಲು ಹೋದರೆ ನಮಗೇ ತಲೆ ತಿರುಗುತ್ತದೆ, ಅವರು ಹಾಕಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಅವರ ಹೆಸರು ಕಾರ್ಖಾನೆಯ ಹಾಜರಿಯಲ್ಲಿ ಇರಲಿಲ್ಲ. ಶೆಡ್ಡಿನ ಹೆಂಗಸರೆಲ್ಲ ಗುತ್ತಿಗೆದಾರ ಬಾಪುಸಾಹೇಬರ ಕಡೆಯವರು. ಬಾಪುಸಾಹೇಬರು ದಿನಾ ಬೆಳಿಗ್ಗೆ ಎಷ್ಟು ತಲೆ ಎಂದು ಎಣಿಸಿ ಒಳಗೆ ಹೇಳುತ್ತಾರೆ, ಯಾವ ತಲೆ ಎಂದು ಯಾರೂ ಕೇಳುವುದಿಲ್ಲ. ಮಂಡಿ ನೋವಿಗೆ ದವಾಖಾನೆಯ ಕಾರ್ಡಿಲ್ಲ, ಹೆರಿಗೆಗೆ ರಜೆಯಿಲ್ಲ, ನಾಳೆ ಬರಬೇಡ ಎಂದರೆ ಕೇಳಲು ಬಾಯಿಯೂ ಇಲ್ಲ. ಸಿದ್ದಕ್ಕನಿಗೆ ಇದ್ದದ್ದು ಒಂದೇ ಆಸೆ. ಅದನ್ನು ಅವರು ಒಂದೇ ಶಬ್ದದಲ್ಲಿ ಹೇಳುತ್ತಾರೆ: ಖಾಯಂ. "ಸಾಯೂದ್ರಾಗ ಒಂದ ವರ್ಷರ ಖಾಯಂ ಆಗಬೇಕ್ರಿ. ಇಂಥಾಕಿ ಇಲ್ಲಿ ಕೆಲಸಕ್ಕ ಇದ್ಲು ಅಂತ ಎಲ್ಲೆರೆ ಒಂದ ಕಡೆ ಬರದಿರಬೇಕು."

ಆ ಖಾಯಂ ಕಣ್ಣೆದುರಿಗೇ ಬಂದು ನಿಂತಿತ್ತು. ಕಳೆದ ವರ್ಷ ಹೊರಗಿನ ದೊಡ್ಡ ಬಂಡವಾಳ ಬಂದು ಫೌಂಡ್ರಿ ಕೈ ಬದಲಾಯಿತು. ಹೆದ್ದಾರಿಯ ಬಾಜು ಗಾಜಿನ ಮುಖದ ಹೊಸ ಕಾರ್ಖಾನೆ ಎದ್ದಿತು. ತಾನೇ ಚಾಲೂ ಆಗಿ ತಾನೇ ಬಂದ್ ಆಗುವ, ಮೊಬೈಲಿಗೆ ವರದಿ ಕಳಿಸುವ ಪಂಪು ಅಲ್ಲಿ ತಯಾರಾಗುತ್ತದೆ. ಟಿಳಕವಾಡಿಯ ಹಳೆಯ ಬಂಗಲೆಯೊಂದರಲ್ಲಿ ಅದರ ಸಾಫ್ಟ್‌ವೇರ್ ಕಚೇರಿ ಕೂತಿತು. ಊರಿಗೆ ಕೆಲಸ ಬಂತು ಎಂದು ಎಲ್ಲರೂ ಹಿಗ್ಗಿದರು, ಹಿಗ್ಗುವ ಮಾತೇ ಅದು. ಹಳೆಯ ಶೆಡ್ಡಿನ ಹತ್ತೊಂಬತ್ತು ಹೆಂಗಸರನ್ನೂ ಹೊಸ ಕಾರ್ಖಾನೆಗೆ ಖಾಯಂ ಆಗಿ ತೆಗೆದುಕೊಳ್ಳುವುದಾಗಿ ಕಂಪನಿ ಹೇಳಿತು. ಆ ರಾತ್ರಿ ಸಿದ್ದಕ್ಕನ ಮನೆಯಲ್ಲಿ ಹೋಳಿಗೆ.

ನೋಂದಣಿಗೆ ಬಂದವರು ಕಂಪನಿಯ ಬಸವಪ್ರಸಾದ, ಇಪ್ಪತ್ತಾರರ ತರುಣ, ಮಾತು ಮೃದು. ಅಂಗಳದಲ್ಲಿ ಮೇಜು ಹಾಕಿ, ಅಂಗೈಯಗಲದ ಒಂದು ಯಂತ್ರವಿಟ್ಟರು. ಅದರ ಮೇಲೆ ಹೆಬ್ಬೆಟ್ಟು ಇಟ್ಟರೆ ಹಸಿರು ದೀಪ ಹೊತ್ತಬೇಕು. ಹೊಸ ಕಾರ್ಖಾನೆಯಲ್ಲಿ ಗೇಟು ತೆರೆಯುವುದೂ ಹಾಜರಿ ಬೀಳುವುದೂ ಅದರಿಂದಲೇ. ಸಿದ್ದಕ್ಕ ಸರತಿಯಲ್ಲಿ ಮೂರನೆಯವರು. ಬಲಗೈ ಹೆಬ್ಬೆಟ್ಟು ಇಟ್ಟರು, ಕೆಂಪು ದೀಪ. ಎಡಗೈ ಇಟ್ಟರು, ಕೆಂಪು. ಹತ್ತೂ ಬೆರಳು ಮುಗಿದವು. ಇಪ್ಪತ್ತೆರಡು ವರ್ಷ ಮರಳನ್ನು ಸವರಿ ಸವರಿ, ಅಂಟಿನ ಖಾರಕ್ಕೆ ಸುಲಿದು ಸುಲಿದು, ಬೆರಳಿನ ಗೆರೆಗಳೆಲ್ಲ ಅಳಿಸಿ ಹೋಗಿದ್ದವು. ಚಿಕ್ಕ ವಯಸ್ಸಿನ ಹದಿನೆಂಟು ಹೆಂಗಸರದು ಹೇಗೋ ಬಂತು. ಎಲ್ಲರಿಗಿಂತ ಹಳಬರಾದ ಸಿದ್ದಕ್ಕನದು ಬರಲಿಲ್ಲ.

ಆಗ ಸಿದ್ದಕ್ಕ ತಲೆ ಎತ್ತಿ ಕೇಳಿದರು: "ಸರ, ನನಗ ಸಹಿ ಬರತದ್ರೀ. ಸಹಿ ಮಾಡ್ಲಿ?"

ಈ ಮಾತಿನ ಭಾರ ಬಸವಪ್ರಸಾದರಿಗೆ ಗೊತ್ತಾಗುವಂತಿರಲಿಲ್ಲ. ಸಿದ್ದಕ್ಕ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮದುವೆಯಾಗಿ ಖಾನಾಪುರಕ್ಕೆ ಬಂದ ಹೊಸದರಲ್ಲಿ ಓಣಿಯಲ್ಲಿ ಅಕ್ಷರ ಕಲಿಸುವ ಸಂಜೆಯ ತರಗತಿ ನಡೆಯುತ್ತಿತ್ತು. ಪಾಠ ಹೇಳುತ್ತಿದ್ದ ಕಾಂತಾಬಾಯಿ ಅರ್ಧ ಮಂದಿಗೆ ಮರಾಠಿ, ಅರ್ಧ ಮಂದಿಗೆ ಕನ್ನಡ ಕಲಿಸುತ್ತಿದ್ದರು. ಸಿದ್ದಕ್ಕ ಬೆಳವಡಿ ಕಡೆಯ ಹೆಣ್ಣುಮಗಳು, ಕನ್ನಡದ ಸಾಲಿನಲ್ಲಿ ಕೂತರು. ನಾಲ್ಕು ತಿಂಗಳಿಗೆ ಅಕ್ಷರ ಕೂಡಿಸಿ ಓದಲು, ಹೆಸರು ಬರೆಯಲು ಬಂತು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿಗೆ ಮಸಿ ಹಚ್ಚಲು ಹಿಡಿದ ಕೈಯನ್ನು ಕೊಸರಿಕೊಂಡು, ಪೆನ್ನು ಕೇಳಿ, ಐದು ನಿಮಿಷ ತೆಗೆದುಕೊಂಡು ಸಹಿ ಹಾಕಿದ ದಿನವನ್ನು ಅವರು ಇವತ್ತಿಗೂ ಮದುವೆಯ ದಿನಕ್ಕಿಂತ ಚೆನ್ನಾಗಿ ನೆನೆಯುತ್ತಾರೆ. "ಹೆಬ್ಬೆಟ್ಟು ಅಂದ್ರ ನಮ್ಮಲ್ಲಿ ಬೈಗುಳ ಇದ್ದಂಗ್ರಿ. ಓದಾಕ ಬರಲಾರದವರಿಗೆ ಹೆಬ್ಬೆಟ್ಟು ಅಂತಿದ್ರು. ಇನ್ನ ಮ್ಯಾಲ ನಾ ಹೆಬ್ಬೆಟ್ಟು ಅಲ್ಲ ಅಂತ ಅವತ್ತ ಅನ್ಕೊಂಡಿದ್ದೆ."

ಯಂತ್ರದಲ್ಲಿ ಸಹಿಗೆ ಜಾಗವಿಲ್ಲ ಎಂದು ಬಸವಪ್ರಸಾದ ಹೇಳಿದರು. ಪಾಪ, ಅವರಿಗೂ ಕೆಡುಕೆನಿಸಿತು. ಮುಖ ನೋಡಿ ಗುರುತು ಹಿಡಿಯುವ ಯಂತ್ರ ಬರುವುದಿದೆ, ಇನ್ನೂ ಬಂದಿಲ್ಲ ಎಂದರು. ಕೈಗೆ ವಿಶ್ರಾಂತಿ ಕೊಟ್ಟರೆ ಗೆರೆಗಳು ಮತ್ತೆ ಮೂಡುತ್ತವಂತೆ ಎಂದೂ ಹೇಳಿದರು. "ಅಕ್ಕಾರ, ಹದಿನೈದ ದಿನಾ ಕೈಯಾಗ ಕೆಲಸ ಹಿಡೀಬ್ಯಾಡ್ರಿ. ಎಣ್ಣಿ ಹಚ್ಚರಿ. ಆಮ್ಯಾಲ ಮತ್ತ ನೋಡೂಣು."

ಕಲಿತ ಹುಡುಗ ಹೇಳಿದ್ದಾನೆ, ಕಂಪನಿಯವನೇ ಹೇಳಿದ್ದಾನೆ. ಸಿದ್ದಕ್ಕ ಅದನ್ನೇ ರಜೆ ಎಂದುಕೊಂಡರು.

ಹದಿನೈದು ದಿನ ಮನೆಯಲ್ಲಿ ಕೂತರು. ಬದುಕಿನಲ್ಲಿ ಮೊದಲ ಸಲ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಪಾತ್ರೆ ನಿಖಿತಾ ತಿಕ್ಕಿದಳು, ನೀರು ನಿಖಿತಾ ತಂದಳು. ಬೆಣ್ಣೆ ಕಾಸಿದ ತುಪ್ಪವನ್ನು ಬಾಯಿಗೆ ಹಾಕದೆ ಬೆರಳಿಗೆ ಹಚ್ಚಿದರು. ಸಗಣಿ ಮುಟ್ಟಲಿಲ್ಲ, ಹಿಟ್ಟು ನಾದಲಿಲ್ಲ. ಬಾಜು ಮನೆಯ ಭೀಮಕ್ಕ ಬಂದು, "ಏನವಾ, ಬಸುರಿ ಮಾಡಿದಂಗ ಮಾಡಾಕತ್ತೀಯಲ್ಲ ಕೈಗೆ" ಎಂದು ಚೇಷ್ಟೆ ಮಾಡಿದರು. ಸಿದ್ದಕ್ಕ ದಿನಾ ಬೆಳಿಗ್ಗೆ ಬಾಗಿಲ ಬೆಳಕಿಗೆ ಹೆಬ್ಬೆಟ್ಟು ಹಿಡಿದು ನೋಡುತ್ತಿದ್ದರು. ಒಂಬತ್ತನೆಯ ದಿನ ಹೆಬ್ಬೆಟ್ಟಿನ ಅಂಚಿನ ಕಡೆಯಿಂದ ಸಣ್ಣ ಸಣ್ಣ ಗೆರೆ ಕಂಡವು. ಮಗಳನ್ನು ಕರೆದು ತೋರಿಸಿದರು. ನಿಖಿತಾ ಮೊಬೈಲಿನ ದೀಪ ಹಿಡಿದು ಗೆರೆ ಎಣಿಸಿದಳು.

ಹದಿನಾರನೆಯ ದಿನ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದರು. ಬಸವಪ್ರಸಾದ ಯಂತ್ರ ಮುಂದೆ ಸರಿಸಿದರು. ಸಿದ್ದಕ್ಕ ಹೆಬ್ಬೆಟ್ಟು ಇಟ್ಟರು. ಹಸಿರು ದೀಪ ಹೊತ್ತಿತು. ಅಲ್ಲಿದ್ದ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಬಸವಪ್ರಸಾದ ಕಂಪ್ಯೂಟರಿನಲ್ಲಿ ಹೆಸರು ಹುಡುಕಿದರು. ಮತ್ತೊಮ್ಮೆ ಹುಡುಕಿದರು. ಹೆಸರು ಇರಲಿಲ್ಲ.

ಆದದ್ದು ಇಷ್ಟೇ. ಹೊಸ ಕಾರ್ಖಾನೆಗೆ ಹೋಗುವವರು ಕೊನೆಯ ತಿಂಗಳು ಸತತವಾಗಿ ಕೆಲಸದಲ್ಲಿರಬೇಕು ಎಂಬ ನಿಯಮವಿತ್ತು, ಬಸವಪ್ರಸಾದರಿಗೂ ಅದು ಹೊಳೆದಿರಲಿಲ್ಲ. ಆ ತಿಂಗಳು ಮಾತ್ರ ಬಾಪುಸಾಹೇಬರು ತಲೆಯ ಬದಲು ಹೆಸರು ಬರೆದು ಕೊಡಬೇಕಿತ್ತು. ಏಳು ದಿನಕ್ಕಿಂತ ಹೆಚ್ಚು ರಜಾ ಚೀಟಿಯಿಲ್ಲದೆ ಗೈರಾದವರ ಹೆಸರು ಪಟ್ಟಿಯಿಂದ ತಾನಾಗಿ ಹೊರಗೆ. ಗೆರೆ ಮೂಡಲಿ ಎಂದು ಸಿದ್ದಕ್ಕ ಮನೆಯಲ್ಲಿ ಕೂತ ದಿನಗಳೇ ಅವರನ್ನು ಹೊರಗಿಟ್ಟವು. ಪಟ್ಟಿ ಮೇಲಿನ ಕಚೇರಿಗೆ ಹೋಗಿ ಮುಗಿದಿತ್ತು. ಬಸವಪ್ರಸಾದ ಮೂರು ಪತ್ರ ಬರೆದರು, ಬಾಪುಸಾಹೇಬರು ಎರಡು ಸಲ ಹೋಗಿ ಬಂದರು. ಕೆಟ್ಟವರು ಇಲ್ಲಿ ಯಾರೂ ಇಲ್ಲ. ಬೈದು ಹಗುರಾಗೋಣವೆಂದರೆ ಬೈಯಲು ಒಂದು ಮುಖ ಸಿಗುವುದಿಲ್ಲ, ಅದೇ ಹೊಟ್ಟೆ ಉರಿಸುತ್ತದೆ.

ಸಿದ್ದಕ್ಕ ಮಾತ್ರ ತಮ್ಮನ್ನೇ ಬೈದುಕೊಳ್ಳುತ್ತಾರೆ. "ಒಂದ ರಜಾ ಚೀಟಿ ಬರಸಿ ಅದಕ್ಕ ಸಹಿ ಮಾಡಿದ್ರ ಮುಗೀತಿತ್ರಿ. ಸಹಿ ಮಾಡಾಕ ಬರತಿತ್ತಲ್ಲ ನನಗ. ಹೆಬ್ಬೆಟ್ಟಿನ ಬೆನ್ನ ಹತ್ತಿ ಸಹಿ ಮರತೆ." ಇದನ್ನು ಹೇಳುವಾಗ ಅವರು ಅಳುವುದಿಲ್ಲ. ಕೋರಿನ ಮೈ ಸವರುತ್ತಲೇ ಹೇಳುತ್ತಾರೆ.

ಈಗ ಹಳೆಯ ಶೆಡ್ಡಿನಲ್ಲಿ ಉಳಿದಿರುವುದು ಅವರೊಬ್ಬರೇ. ಹೊಸ ಕಾರ್ಖಾನೆಯ ಯಂತ್ರ ಗಂಟೆಗೆ ನೂರರಂತೆ ಕೋರು ಉದುರಿಸುತ್ತದೆ. ಆದರೆ ಒಂದು ನಮೂನೆಯ ಕೋರು, ಕೊಕ್ಕರೆಯ ಕತ್ತಿನಷ್ಟು ಸಪೂರವಾಗಿ ಎರಡು ಕಡೆ ಬಾಗಿದ್ದು, ಯಂತ್ರದಿಂದ ಹೊರಬರುವಾಗ ಮುರಿಯುತ್ತದೆ. ಅದನ್ನು ಬಾಪುಸಾಹೇಬರ ಮೂಲಕ ಸಿದ್ದಕ್ಕನಿಂದ ಮಾಡಿಸಿಕೊಳ್ಳುತ್ತಾರೆ. ಮಧ್ಯಾಹ್ನ ಮೂರಕ್ಕೆ ಟೆಂಪೋ ಬಂದು, ಹುಲ್ಲು ಹಾಸಿದ ಪೆಟ್ಟಿಗೆಗಳಲ್ಲಿ ಒಯ್ಯುತ್ತದೆ. ಅವರ ಕೋರಿಗೆ ಗೇಟು ತೆರೆಯುತ್ತದೆ, ಅವರಿಗೆ ಇಲ್ಲ. ಆ ನಮೂನೆಯ ಕೋರಿಗೂ ಸರಿಯಾದ ಯಂತ್ರ ಬರುವ ಯುಗಾದಿಗೆ ಬರಲಿದೆ. ಶೆಡ್ಡಿನ ಕರಾರೂ ಆಗಲೇ ಮುಗಿಯುತ್ತದೆ. ಬೆರಳಿನ ಗೆರೆಗಳು ಕೆಲಸಕ್ಕೆ ಮರಳಿದ ಮೂರೇ ವಾರದಲ್ಲಿ ಮತ್ತೆ ಅಳಿಸಿವೆ. ಮುಖ ನೋಡುವ ಯಂತ್ರವೂ ಈ ನಡುವೆ ಬಂತು. ಪಟ್ಟಿಯಲ್ಲಿ ಹೆಸರಿದ್ದವರ ಮುಖ ಮಾತ್ರ ಅದಕ್ಕೆ ಗೊತ್ತು.

ಹೊಸ ಕಾರ್ಖಾನೆಯಲ್ಲಿರುವ ಅಕ್ಕವ್ವ ಅದೇ ಐದೂಕಾಲಿನ ಬಸ್ಸಿನಲ್ಲಿ ಬರುತ್ತಾರೆ. ಕೋರು ಮಾಡುವುದನ್ನು ಸಿದ್ದಕ್ಕನಿಂದಲೇ ಕಲಿತವರು. ಮೊದಮೊದಲು ಕಾರ್ಖಾನೆಯ ನೀಲಿ ಅಂಗಿಯ ಮೇಲೆ ಸೆರಗು ಹೊದ್ದು ಮುಚ್ಚಿಕೊಂಡು ಕೂರುತ್ತಿದ್ದರಂತೆ. ಸಿದ್ದಕ್ಕನೇ ಒಂದು ದಿನ ಸೆರಗು ಸರಿಸಿ, "ಛಂದ ಕಾಣತೀ, ಮುಚ್ಚಬ್ಯಾಡ" ಎಂದರಂತೆ. ಕಳೆದ ಖಂಡೇನವಮಿಗೆ ಕಾರ್ಖಾನೆಯ ಯಂತ್ರಗಳಿಗೆ ಪೂಜೆಯಿತ್ತು. ಕೆಲಸದವರು ಮನೆಯವರನ್ನೂ ಕರೆತರಬಹುದು ಎಂದಿದ್ದರು. ಅಕ್ಕವ್ವ ತಮ್ಮ ಗಂಡನನ್ನು ಬಿಟ್ಟು ಸಿದ್ದಕ್ಕನನ್ನು ಕರೆದುಕೊಂಡು ಹೋದರು.

ಗೇಟಿನಲ್ಲಿ ಅಕ್ಕವ್ವ ಯಂತ್ರಕ್ಕೆ ಮುಖ ತೋರಿಸಿ ಒಳಗೆ ಹೋದರು. ಹೊರಗಿನವರಿಗೆ ಯಂತ್ರವಿಲ್ಲ. ಕಾವಲುಗಾರ ಯಲ್ಲೇಶನ ಮೇಜಿನ ಮೇಲೆ ಒಂದು ದಪ್ಪ ರಿಜಿಸ್ಟರು, ದಾರ ಕಟ್ಟಿದ ಪೆನ್ನು. ಹೆಸರು, ಊರು, ಬಂದ ಕಾರಣ, ಸಹಿ. ಸಿದ್ದಕ್ಕನ ಮುಂದಿದ್ದವರೆಲ್ಲ ಕಾರಣದ ಕೆಳಗೆ 'ಪೂಜೆ' ಎಂದು ಬರೆದಿದ್ದರು. ಹಿಂದೆ ಸರತಿ ಬೆಳೆಯುತ್ತಿತ್ತು. ಸಿದ್ದಕ್ಕ ಅವಸರ ಮಾಡಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಬರೆದು, ಸಹಿ ಮಾಡಿ, ಪೆನ್ನು ಕೆಳಗಿಟ್ಟರು.

ಯಲ್ಲೇಶ ರಿಜಿಸ್ಟರು ತಿರುಗಿಸಿ ಓದಿದ. ಬಂದ ಕಾರಣದ ಕೆಳಗೆ 'ಕೆಲಸ' ಎಂದಿತ್ತು.

"ಇವತ್ತ ಕೆಲಸ ಇಲ್ಲಬೇ ಯವ್ವಾ. ಪೂಜಾ ಅಂತ ಬರಿ."

"ಬರದಾಗೇತೆಪಾ," ಎಂದರು ಸಿದ್ದಕ್ಕ. "ಸಹಿನೂ ಮಾಡೇನಿ. ಇರಲಿ ಬಿಡು."